ಒಂದಾದರೆ ಪುಲ್ಲಿಂಗ, ರಾಶಿಯಾದರೆ ನಪುಂಸಕ

ಗ್ರಂಥಾಲಯದ ಮೇಜಿನ ಮೇಲೆ ಲಿಡೆಲ್ ಮತ್ತು ಸ್ಕಾಟ್ ಅವರ ದಪ್ಪ ಗ್ರೀಕ್ ನಿಘಂಟು ಬಿಚ್ಚಿಕೊಂಡು ‘ಸೀತೊಸ್’ ಪದ ಹುಡುಕಿದೆ. ಅರ್ಥ ನೋಡಿಕೊಂಡು ಎದ್ದು ಹೋಗುವ ಯೋಚನೆಯಿತ್ತು. ಆದರೆ ಅರ್ಥಕ್ಕೂ ಮೊದಲೇ ಇದ್ದ ಪುಟ್ಟ ಸೂಚನೆ ಅಲ್ಲೇ ಹಿಡಿದು ಕೂರಿಸಿತು: ಏಕವಚನದಲ್ಲಿ ‘ಸೀತೊಸ್’, ಪುಲ್ಲಿಂಗ, ಬಹುವಚನದಲ್ಲಿ ‘ಸೀತ’, ನಪುಂಸಕಲಿಂಗ. ವಚನ ಬದಲಾದೊಡನೆ ಲಿಂಗವೂ ಬದಲು! ಆ ಖುಷಿ ಇನ್ನೂ ಇಳಿದಿಲ್ಲ.

ಅರ್ಥದಲ್ಲಿ ಗೊಂದಲವಿಲ್ಲ. ಸೀತೊಸ್ ಎಂದರೆ ಧಾನ್ಯ, ಅದರಲ್ಲೂ ಗೋಧಿ, ಜವೆಗೋಧಿ, ಅದರ ರೊಟ್ಟಿ, ಒಟ್ಟಾರೆ ಆಹಾರವೂ ಹೌದು. ಅದಕ್ಕೆ ನಂಚಿಕೊಳ್ಳುವ ಮೀನು, ಚೀಸ್, ತರಕಾರಿಯೆಲ್ಲ ‘ಒಪ್ಸೊನ್’. ರೊಟ್ಟಿ ಬಿಟ್ಟು ಬರೀ ನಂಚಿಕೆ ತಿನ್ನುತ್ತಿದ್ದ ಹುಡುಗನನ್ನು ಸಾಕ್ರೆಟಿಸ್ ತರಾಟೆಗೆ ತೆಗೆದುಕೊಂಡದ್ದನ್ನು ಕ್ಸೆನೊಫೊನ್ ದಾಖಲಿಸಿದ್ದಾನೆ. ಅಥೆನ್ಸಿನಲ್ಲಿ ‘ಸೀತೊಫುಲಕೆಸ್’ ಎಂಬ ಧಾನ್ಯಪಾಲಕರೇ ಇದ್ದರು. ಮೊದಲು ಊರಿಗೆ 5, ಪಿರೇಯಸ್ ಬಂದರಿಗೆ 5 ಮಂದಿ; ಆಮೇಲೆ 20 ಮತ್ತು 15. ಧಾನ್ಯದ ದರ ನ್ಯಾಯವಾಗಿದೆಯೇ, ರೊಟ್ಟಿ ಸರಿಯಾಗಿ ತೂಗುತ್ತದೆಯೇ ಎಂದು ನೋಡುವುದು ಅವರ ಕೆಲಸ.

ಇರಲಿ, ನನ್ನನ್ನು ಕಾಡುವುದು ಆ ‘ಸೀತ’. ವ್ಯಾಕರಣ ಪುಸ್ತಕಗಳು ಇದನ್ನು ಅನಿಯಮಿತ ಪದಗಳ ಪಟ್ಟಿಗೆ ಸೇರಿಸಿ ಮುಂದೆ ಹೋಗುತ್ತವೆ. ನನಗೆ ಅದು ಸೋಮಾರಿತನವಾಗಿ ಕಾಣುತ್ತದೆ. ಬಂಧನ ಎಂಬರ್ಥದ ‘ದೆಸ್ಮೊಸ್’ಗೂ ‘ದೆಸ್ಮ’ ಎಂಬ ಬಹುವಚನವಿದೆ. ಲ್ಯಾಟಿನ್ನಿನಲ್ಲಿ ‘ಲೊಕುಸ್’ (ಜಾಗ) ‘ಲೊಕ’ ಆಗುತ್ತದೆ. ಒಂದೇ ಬಗೆಯ ತಪ್ಪು ಎರಡು ಭಾಷೆಗಳಲ್ಲಿ ಕಂಡರೆ ಅದು ತಪ್ಪಾಗಿರಲಾರದು. 1889ರಲ್ಲಿ ಯೋಹಾನೆಸ್ ಶ್ಮಿಟ್ ಎಂಬ ಜರ್ಮನ್ ವಿದ್ವಾಂಸರು ಕಾರಣ ಕೊಟ್ಟರು: ಈ ‘ಅ’ ಪ್ರತ್ಯಯ ಮೂಲದಲ್ಲಿ ಬಹುವಚನವೇ ಅಲ್ಲ, ಸಮೂಹವಾಚಕ. ಹಲವು ಬಿಡಿ ವಸ್ತುಗಳನ್ನಲ್ಲ, ಒಂದು ರಾಶಿಯನ್ನು ಅದು ಹೇಳುತ್ತದೆ.

ಸಾಕ್ಷಿ ಗ್ರೀಕ್ ವಾಕ್ಯದಲ್ಲೇ ಇದೆ. ನಪುಂಸಕ ಬಹುವಚನ ಕರ್ತೃವಾದರೆ ಕ್ರಿಯಾಪದ ಏಕವಚನದಲ್ಲಿ ನಿಲ್ಲುತ್ತದೆ. ‘ತಾ ಜೋಅ ತ್ರೆಖೆಯ್’ ಎಂಬ ಪಾಠಪುಸ್ತಕದ ಉದಾಹರಣೆಯನ್ನು ಅಕ್ಷರಶಃ ಇಳಿಸಿದರೆ ‘ಪ್ರಾಣಿಗಳು ಓಡುತ್ತದೆ’. ಗ್ರೀಕ್ ಕಲಿಯುವ ಇಂಗ್ಲಿಷಿನವರು ಇಲ್ಲಿ ತಡವರಿಸುತ್ತಾರೆ. ಕನ್ನಡಿಗರಿಗೆ ಅಷ್ಟು ಕಷ್ಟವಾಗಬಾರದು. ‘ನಾಲ್ಕು ತೆಂಗಿನಕಾಯಿ ಬಿತ್ತು’ ಎನ್ನುವ ನಾವು ‘ನಾಲ್ಕು ಹುಡುಗರು ಬಿತ್ತು’ ಎನ್ನುವುದಿಲ್ಲ.

ಒಂದು ತೊಡಕುಂಟು. ಸೀತೊಸ್ ಏಕವಚನದಲ್ಲೇ ರಾಶಿ ಧಾನ್ಯವನ್ನು ಹೇಳುತ್ತದೆ. ಇನ್ನೊಂದು ಸಮೂಹರೂಪ ಯಾಕೆ ಬೇಕಾಯಿತು? ಕೂಡಿಟ್ಟ ದಿನಸಿ, ದಾರಿಗೆ ಕಟ್ಟಿಕೊಂಡ ಬುತ್ತಿ, ಬಗೆಬಗೆಯ ತಿನಿಸು, ಹೀಗೆ ಉಣ್ಣಲು ಒಟ್ಟುಮಾಡಿದ್ದಕ್ಕೆ ‘ಸೀತ’ ಒದಗಿತೆಂದು ನಾನು ನಂಬುತ್ತೇನೆ. ಪದದ ಬೇರು ಗ್ರೀಕಿನದೇ ಅಲ್ಲ, ಅದಕ್ಕೂ ಹಿಂದಿನ ನುಡಿಯದು ಎನ್ನುವವರಿದ್ದಾರೆ. ವಯಸ್ಸಂತೂ ದೊಡ್ಡದು. ಮೈಕಲ್ ವೆಂಟ್ರಿಸ್ 1952ರಲ್ಲಿ ಓದಿ ತೋರಿಸಿದ, ಗ್ರೀಕಿನ ಅತಿ ಹಳೆಯ ಬರಹವಾದ ಲೀನಿಯರ್ ಬಿ ಲಿಪಿಯ ಮಣ್ಣಿನ ಹಲಗೆಗಳಲ್ಲಿ ಅದು ‘ಸಿ-ತೊ’. ಮೈಸೀನೆಯ ಹಲಗೆಯೊಂದರಲ್ಲಿ ‘ಸಿತೊ ಪೊತ್ನಿಯ’ ಎಂಬ ದೇವಿಯೂ ಇದ್ದಾಳೆ. ಧಾನ್ಯದ ಒಡತಿ, ಆ ‘ಪೊತ್ನಿಯ’ ಸಂಸ್ಕೃತದ ‘ಪತ್ನೀ’ಗೆ ನೇರ ನೆಂಟಳು.