ಹಲ್ಲಿನ ಬೇರಿಗೆ ಹೊಸ ವಸ್ತು

"ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ" ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಆದರೆ ಹಲ್ಲು ಹೋದಾಗ ನಷ್ಟವಾಗುವುದು ಕಡಲೆಯೊಂದೇ ಅಲ್ಲ. ತ, ಥ, ದ, ಧ, ನ ಎಂಬ ಐದು ಅಕ್ಷರಗಳನ್ನು ನಮ್ಮ ವೈಯಾಕರಣರು ದಂತ್ಯಗಳೆಂದು ಕರೆದಿದ್ದಾರೆ. ನಾಲಗೆಯ ತುದಿ ಮೇಲಿನ ಹಲ್ಲುಗಳ ಹಿಂಬದಿಯನ್ನು ತಾಗಿದಾಗಲೇ ಇವು ಸ್ಪಷ್ಟವಾಗಿ ಹೊರಡುವುದು. ಮುಂದಿನ ಹಲ್ಲು ಹೋದ ಅಧ್ಯಾಪಕನಿಗೆ ತವರ್ಗವೇ ಕೈಕೊಡುತ್ತದೆ. ಹುಡುಗರು ಅದನ್ನು ಮೊದಲ ದಿನವೇ ಕಂಡುಹಿಡಿಯುತ್ತಾರೆ.

ಕಣ್ಣಿಗೆ ಕಾಣದ ಮೂರನೆಯ ನಷ್ಟವೊಂದುಂಟು. ದುಡಿಮೆಯಿದ್ದರೆ ಮೂಳೆ ಬೆಳೆಯುತ್ತದೆ, ದುಡಿಮೆ ತಪ್ಪಿದರೆ ಸವೆಯುತ್ತದೆ. ಜರ್ಮನಿಯ ವೈದ್ಯ ಯೂಲಿಯುಸ್ ವೋಲ್ಫ್ 1892ರಲ್ಲಿ ಈ ತತ್ತ್ವವನ್ನು ವಿವರಿಸಿ ಗ್ರಂಥ ಬರೆದನು. ಅಗಿಯುವಾಗ ಹಲ್ಲಿನ ಬೇರು ದವಡೆಗೆ ಒತ್ತಡವನ್ನು ಮುಟ್ಟಿಸುತ್ತಿರುತ್ತದೆ. ಬೇರು ಹೋದಮೇಲೆ ಆ ಭಾಗದ ಮೂಳೆ ಮೆಲ್ಲಮೆಲ್ಲನೆ ಕರಗುತ್ತದೆ, ಕೆನ್ನೆ ಒಳಸೇರುತ್ತದೆ. ಒಸಡಿನ ಮೇಲೆ ಕುಳಿತಿರುವ ಹಲ್ಲಿನ ಸೆಟ್ಟು ಇದನ್ನು ತಡೆಯಲಾರದು. ಆದುದರಿಂದಲೇ ದವಡೆಯ ಮೂಳೆಯೊಳಗೆ ಕೃತಕ ಬೇರನ್ನು ನೆಡುವ ಪ್ರಯತ್ನ ನಡೆಯಿತು. ಇದಕ್ಕೆ ಇಂಪ್ಲಾಂಟ್ ಎಂದು ಹೆಸರು.

ಸ್ವೀಡನ್ನಿನ ಬ್ರೋನೆಮಾರ್ಕ್ ಎಂಬ ವಿಜ್ಞಾನಿ 1952ರಲ್ಲಿ ಮೊಲದ ಮೂಳೆಯೊಳಗೆ ಟೈಟಾನಿಯಮ್ ಲೋಹದ ಸಣ್ಣ ಉಪಕರಣವೊಂದನ್ನಿಟ್ಟು ಪರೀಕ್ಷೆ ನಡೆಸುತ್ತಿದ್ದನು. ಕೊನೆಯಲ್ಲಿ ಅದನ್ನು ತೆಗೆಯಹೋದರೆ ಬರಲಿಲ್ಲ. ಮೂಳೆ ಅದನ್ನು ತನ್ನದೆಂದೇ ಹಿಡಿದುಕೊಂಡಿತ್ತು. 1965ರಲ್ಲಿ ಮೊದಲ ರೋಗಿಯ ದವಡೆಗೆ ಟೈಟಾನಿಯಮ್ ಬೇರುಗಳನ್ನು ಕೂಡಿಸಲಾಯಿತು. ಇಂದಿಗೂ ಈ ಕೆಲಸದಲ್ಲಿ ಆ ಲೋಹಕ್ಕೇ ಅಗ್ರಸ್ಥಾನ.

ಹಾಗಿದ್ದಮೇಲೆ ಬೇರೆ ವಸ್ತುವೇಕೆ? ಬಿಗಿತವನ್ನು ಅಳೆಯುವ ಮಾನದಲ್ಲಿ ಟೈಟಾನಿಯಮ್ ಸುಮಾರು 110 ಗಿಗಾಪ್ಯಾಸ್ಕಲ್. ದವಡೆಯ ಗಟ್ಟಿ ಮೂಳೆ ಸುಮಾರು 14. ಇಷ್ಟು ಬಿಗಿಯಾದ ಗೂಟ ಭಾರವನ್ನೆಲ್ಲ ತಾನೇ ಹೊತ್ತರೆ ಪಕ್ಕದ ಮೂಳೆಗೆ ದುಡಿಮೆ ಕಡಮೆಯಾದೀತೆಂಬ ಶಂಕೆಯುಂಟು. ತೆಳು ಒಸಡಿನಲ್ಲಿ ಲೋಹದ ಬೂದುಬಣ್ಣ ಇಣುಕುವುದೂ ಉಂಟು. ಅಪರೂಪವಾಗಿ ಕೆಲವರ ದೇಹಕ್ಕೆ ಲೋಹ ಒಗ್ಗದಿರಬಹುದು. ಈ ಕಾರಣಗಳಿಂದ ಸಂಶೋಧಕರ ದೃಷ್ಟಿ ಪಾಲಿಮರುಗಳ ಕಡೆಗೆ ಹೊರಳಿತು.

ಗ್ರೀಕ್ ಭಾಷೆಯಲ್ಲಿ 'ಪಾಲಿ' ಎಂದರೆ ಹಲವು, 'ಮೆರೋಸ್' ಎಂದರೆ ಭಾಗ. ಒಂದೇ ಬಗೆಯ ಸಣ್ಣ ಅಣುಗಳು ಸರದ ಮಣಿಗಳಂತೆ ಕೂಡಿ ಉದ್ದನೆಯ ಸರಪಳಿಯಾದರೆ ಅದು ಪಾಲಿಮರ್. ಹಲ್ಲಿನ ಸೆಟ್ಟುಗಳಿಗೆ 1937ರಿಂದ ಬಳಕೆಗೆ ಬಂದ ಅಕ್ರಿಲಿಕ್ ಈ ಜಾತಿಯದೇ. ಅದರಿಂದಲೇ ಬೇರನ್ನೂ ಮಾಡಿ ದವಡೆಯಲ್ಲಿ ನೆಟ್ಟು ನೋಡಿದ್ದುಂಟು. ಆದರೆ ಮೂಳೆ ಅದನ್ನು ಅಪ್ಪಲಿಲ್ಲ, ಸುತ್ತಲೂ ನಾರಿನಂಥ ಪೊರೆಯೊಂದು ಬೆಳೆದು ಬೇರು ಸಡಿಲವಾಯಿತು.

ಈಗ ಭರವಸೆ ಹುಟ್ಟಿಸಿರುವುದು ಪಾಲಿಈಥರ್ ಈಥರ್ ಕೀಟೋನ್, ಚಿಕ್ಕದಾಗಿ 'ಪೀಕ್'. 1978ರಲ್ಲಿ ಇಂಗ್ಲೆಂಡಿನಲ್ಲಿ ರೂಪುಗೊಂಡ ಈ ವಸ್ತು ಸುಮಾರು 343 ಡಿಗ್ರಿ ಸೆಲ್ಸಿಯಸ್ ಶಾಖದವರೆಗೂ ಕರಗದು, ದೇಹದ ರಸಗಳಿಗೆ ಜಗ್ಗದು. ಬೆನ್ನುಮೂಳೆಯ ಚಿಕಿತ್ಸೆಯಲ್ಲಿ ಇದು ಹೆಸರು ಪಡೆದಿದೆ. ಆದರೆ ಹಲ್ಲಿನ ಬೇರಾಗಲು ಇದಕ್ಕೆ ಎರಡು ಕೊರತೆಗಳಿವೆ.

ಮೊದಲನೆಯದು, ಇದು ತೀರ ಮೆದು. ಇದರ ಬಿಗಿತ ಕೇವಲ 3ರಿಂದ 4 ಗಿಗಾಪ್ಯಾಸ್ಕಲ್. ಮೆದುವಾದ ಗೂಟ ಭಾರ ಬಿದ್ದಾಗ ಬಾಗಿ, ಒತ್ತಡವನ್ನೆಲ್ಲ ಕುತ್ತಿಗೆಯ ಬಳಿಯ ಮೂಳೆಯ ಮೇಲೆಯೇ ಹೇರಬಲ್ಲದು. ಗೋಡೆಯ ಮಣ್ಣಿಗೆ ಹುಲ್ಲು ಬೆರೆಸಿ ಕಲಸುವುದನ್ನು ಹಳ್ಳಿಗಳಲ್ಲಿ ನೋಡಿದ್ದೀರಷ್ಟೆ. ಅದೇ ಯುಕ್ತಿಯಿಂದ ಇದರೊಳಗೆ ಕಾರ್ಬನ್ ಎಳೆಗಳನ್ನು ಸೇರಿಸಿದರೆ ಬಿಗಿತ ಸುಮಾರು 18ಕ್ಕೆ ಏರಿ ಮೂಳೆಯ ಸಮೀಪಕ್ಕೆ ಬರುತ್ತದೆ. ಆದರೆ ಕಾರ್ಬನ್ನಿನಿಂದ ಬಣ್ಣ ಕಪ್ಪಾಗುತ್ತದೆ. ಒಂದನ್ನು ಪಡೆಯಹೋದರೆ ಇನ್ನೊಂದನ್ನು ಬಿಡಬೇಕು.

ಎರಡನೆಯದು ಇನ್ನೂ ಮುಖ್ಯ. ಕೆಸುವಿನೆಲೆಯ ಮೇಲಿನ ನೀರಿನಂತೆ, ಇದರ ನುಣುಪಾದ ಮೈಮೇಲೆ ದ್ರವ ಚೆನ್ನಾಗಿ ಹರಡುವುದಿಲ್ಲ. ಮೂಳೆಯ ಜೀವಕೋಶಗಳೂ ಸುಲಭವಾಗಿ ನೆಲೆಸುವುದಿಲ್ಲ. ಇದಕ್ಕೆ ಮೂರು ಉಪಾಯಗಳು ನಡೆದಿವೆ. ಗಾರೆ ಮೆತ್ತುವ ಮೊದಲು ಗೋಡೆಯನ್ನು ಕೊಚ್ಚಿ ಒರಟು ಮಾಡುವಂತೆ, ಗಂಧಕಾಮ್ಲದಿಂದ ಮೈಯಲ್ಲಿ ಸಣ್ಣ ರಂಧ್ರಗಳನ್ನು ಕೊರೆಯುವುದು ಒಂದು. ಪ್ಲಾಸ್ಮಾ ಎಂಬ ವಿದ್ಯುದಾವಿಷ್ಟ ಅನಿಲವನ್ನು ಸೋಕಿಸಿ ಮೈ ದ್ರವಕ್ಕೆ ಒಗ್ಗುವಂತೆ ಮಾಡುವುದು ಎರಡನೆಯದು. ಮೂರನೆಯದು, ನಮ್ಮ ಹಲ್ಲು ಮೂಳೆಗಳಲ್ಲೇ ಇರುವ ಹೈಡ್ರಾಕ್ಸಿಅಪಟೈಟ್ ಎಂಬ ಸುಣ್ಣದ ಲವಣವನ್ನು ಮೇಲೆ ಲೇಪಿಸುವುದು ಇಲ್ಲವೆ ಒಳಗೇ ಬೆರೆಸುವುದು. ಲೇಪ ಕಿತ್ತುಬರಬಹುದು, ಬೆರಕೆ ಹೆಚ್ಚಾದರೆ ವಸ್ತು ಪೆಡಸಾಗಿ ಮುರಿಯಬಹುದು. ಹದವನ್ನು ಕಾಣುವುದೇ ಇಲ್ಲಿನ ಸಾಧನೆ.

ಈ ಉಪಾಯಗಳು ಪ್ರಯೋಗಶಾಲೆಯಲ್ಲಿಯೂ ಪ್ರಾಣಿಗಳಲ್ಲಿಯೂ ಒಳ್ಳೆಯ ಫಲ ತೋರಿವೆ. ಆದರೆ ಮನುಷ್ಯನ ಬಾಯಿ ಕಠಿನ ಪರೀಕ್ಷಕ. ಬಿಸಿ ಕಾಫಿ, ತಣ್ಣನೆಯ ಮಜ್ಜಿಗೆ, ಎಂಜಲು, ಕ್ರಿಮಿಗಳು, ದಿನಕ್ಕೆ ನೂರಾರು ಸಲದ ಅಗಿತ, ಇವೆಲ್ಲವನ್ನೂ ವಸ್ತು ಹತ್ತಾರು ವರ್ಷ ತಾಳಬೇಕು. ಟೈಟಾನಿಯಮ್ ಆ ಪರೀಕ್ಷೆಯನ್ನು ದಾಟಿದೆ. ಪೀಕ್ ಬೇರಾಗಿ ಇನ್ನೂ ದಾಟಬೇಕಾಗಿದೆ. ಸದ್ಯಕ್ಕೆ ಒಸಡು ಮಾಯುವವರೆಗೆ ಇಡುವ ಮುಚ್ಚಳ, ತಾತ್ಕಾಲಿಕ ಜೋಡಣೆ, ಸೆಟ್ಟಿನ ಚೌಕಟ್ಟು ಮೊದಲಾದುವಲ್ಲಿ ಅದು ಬಳಕೆಗೆ ಬಂದಿದೆ.

ಆದುದರಿಂದ ಹಲ್ಲು ಕಳೆದುಕೊಂಡವರು ಹೊಸ ವಸ್ತುವಿಗಾಗಿ ಕಾಯುತ್ತ ಕೂರಬೇಕಾಗಿಲ್ಲ. ಕಾದಷ್ಟೂ ಮೂಳೆ ಸವೆಯುತ್ತದೆ. ವೈದ್ಯರ ಬಳಿ ಹೋದಾಗ "ಇಡುವ ವಸ್ತು ಯಾವುದು? ಅದು ಮನುಷ್ಯರಲ್ಲಿ ಎಷ್ಟು ವರ್ಷ ನಿಂತಿದೆ? ನನ್ನ ದವಡೆಯ ಮೂಳೆ ಸಾಕಷ್ಟಿದೆಯೆ?" ಎಂದು ಸಂಕೋಚವಿಲ್ಲದೆ ಕೇಳಿರಿ. ಸಕ್ಕರೆ ಕಾಯಿಲೆಯಾಗಲಿ ಹೊಗೆಸೊಪ್ಪಿನ ಅಭ್ಯಾಸವಾಗಲಿ ಇದ್ದರೆ ಮುಚ್ಚಿಡಬೇಡಿರಿ. ಎರಡೂ ಗಾಯ ಮಾಯುವುದನ್ನು ತಡಮಾಡುತ್ತವೆ. ಇನ್ನು ಹಲ್ಲು ಗಟ್ಟಿಯಾಗಿರುವವರು ರಾತ್ರಿ ಮಲಗುವ ಮುನ್ನ ಅದನ್ನು ಉಜ್ಜಲು ಮರೆಯದಿರಲಿ. ಹುಟ್ಟಿನಿಂದ ಬಂದ ಬೇರಿಗೆ ಸರಿಗಟ್ಟುವ ವಸ್ತುವನ್ನು ಯಾವ ಪ್ರಯೋಗಶಾಲೆಯೂ ಇನ್ನೂ ಮಾಡಿಲ್ಲ.