ಸ್ಟಾರ್ಟರಿನ ಬೆಲೆಯೂ ಕೂಲಿಯ ಲೆಕ್ಕವೂ

ಬೀಗದ ಕೈ ತಿರುಗಿಸಿದರೆ ‘ಟಕ್’ ಎಂಬ ಒಂದೇ ಸದ್ದು, ಆಮೇಲೆ ನಿಶ್ಶಬ್ದ. ದೊಡ್ಡ ಗಾಡಿಯ ಒಡೆಯರಿಗೆ ಇದು ಖರ್ಚಿನ ಮುನ್ಸೂಚನೆ. 1912ರ ಕ್ಯಾಡಿಲ್ಯಾಕ್ ಕಾರಿನೊಡನೆ ಬಂದ ವಿದ್ಯುತ್ ಸ್ಟಾರ್ಟರು ಹ್ಯಾಂಡಲು ತಿರುಗಿಸುವ ಕಷ್ಟವನ್ನು ತಪ್ಪಿಸಿತು, ನಿಜ. ಆದರೆ ಸೌಕರ್ಯಕ್ಕೂ ಬೆಲೆಯುಂಟಷ್ಟೆ!

ಆ ಬೆಲೆಯಲ್ಲಿ ಕೂಲಿಯ ಪಾಲನ್ನು ನಾವು ಮರೆಯಲಾಗದು. ಟೊಯೋಟಾ ಲ್ಯಾಂಡ್ ಕ್ರೂಸರ್ 100 ಶ್ರೇಣಿಯ 4.7 ಲೀಟರಿನ ಎಂಜಿನನ್ನೇ ನೋಡೋಣ. ಅದರ ಸ್ಟಾರ್ಟರು ಎರಡು ಸಾಲು ಸಿಲಿಂಡರುಗಳ ನಡುವೆ, ಇನ್‌ಟೇಕ್ ಮ್ಯಾನಿಫೋಲ್ಡಿನ ಅಡಿಯಲ್ಲಿ ಅಡಗಿದೆ. ಅದನ್ನು ಮುಟ್ಟಬೇಕಾದರೆ ಮೇಲಿನದನ್ನೆಲ್ಲ ಬಿಚ್ಚಬೇಕು; ಮರಳಿ ಕೂಡಿಸುವಾಗ ಹೊಸ ಗ್ಯಾಸ್ಕೆಟ್ಟುಗಳೂ ಬೇಕು. ಇದು ಗಂಟೆಗಟ್ಟಲೆಯ ಕೆಲಸ.

ಆದುದರಿಂದ ಮೊದಲು ಬ್ಯಾಟರಿಯನ್ನು ಪರೀಕ್ಷಿಸುವುದು ಲೇಸು. ಪೂರ್ತಿ ಚಾರ್ಜಾದ 12 ವೋಲ್ಟಿನ ಬ್ಯಾಟರಿ ಸುಮಾರು 12.6 ವೋಲ್ಟು ತೋರಬೇಕು, ಟರ್ಮಿನಲ್ಲುಗಳಲ್ಲಿ ಕಿಲುಬಿರಬಾರದು. ದೋಷ ಸ್ಟಾರ್ಟರಿನದೇ ಆದರೂ, ಎಷ್ಟೋ ವೇಳೆ ಸವೆದಿರುವುದು ಸೊಲೆನಾಯ್ಡಿನ ತಾಮ್ರದ ಬಿಲ್ಲೆಗಳು ಇಲ್ಲವೆ ಕಾರ್ಬನ್ ಬ್ರಷ್ಷುಗಳು. ಸ್ಟಾರ್ಟರು ಸುಲಭವಾಗಿ ಕೈಗೆಟಕುವಂತಿದ್ದರೆ ಅವನ್ನಷ್ಟೇ ಬದಲಿಸಿ ಹಣವುಳಿಸಬಹುದು. ಅಡಗಿ ಕುಳಿತದ್ದಾದರೆ ಅಗ್ಗದ ಮಾಲಿಗೆ ಮರುಳಾಗುವುದು ತರವಲ್ಲ. ಅದು ಕೆಟ್ಟರೆ ಕೂಲಿಯನ್ನು ಮತ್ತೊಮ್ಮೆ ತೆರಬೇಕಾದೀತು.

ಬಿಲ್ಲಿನಲ್ಲಿ ಮಾಲಿನ ಬೆಲೆಯನ್ನೂ ಕೂಲಿಯನ್ನೂ ಬೇರೆ ಬೇರೆಯಾಗಿ ಬರೆಯಿಸಿಕೊಳ್ಳಬೇಕೆಂಬುದು ವಾಚಕರಿಗೆ ನಮ್ಮ ಸೂಚನೆ.