ಬಿಡಿಭಾಗ ಬದಲಿಸಿದ ಮೇಲೆ ಕಂಪ್ಯೂಟರ್ ಬಿಸಿಯೇರಿದರೆ

ಹೊಸ ಬಿಡಿಭಾಗ ಹಾಕಿದ ಮರುದಿನವೇ ಡೆಸ್ಕ್‌ಟಾಪ್ ಕಂಪ್ಯೂಟರ್ ಕಾದು ತಾನಾಗಿ ಆರಿಹೋದರೆ, ದೋಷ ಬಹುಪಾಲು ಕೈಯಾಡಿಸಿದ ಜಾಗದಲ್ಲೇ ಇರುತ್ತದೆ. ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಗಳಲ್ಲಿ ಮೇ ತಿಂಗಳ ಸೆಕೆಯನ್ನು ದೂರುವುದು ಸುಲಭ. ಸೆಕೆಯೇನೋ ನಿಜ, ಕಡಲಿನಿಂದ ಒಳಸರಿದ ಕಲ್ಯಾಣ್‌ನಲ್ಲಿ ಬೇಸಿಗೆಯ ಮಧ್ಯಾಹ್ನ 40 ಡಿಗ್ರಿ ಸೆಲ್ಸಿಯಸ್ ಮುಟ್ಟುವುದುಂಟು. ಆದರೆ ಕೋಣೆ 8 ಡಿಗ್ರಿ ಏರಿದರೆ ಪ್ರೊಸೆಸರ್ ಕೂಡ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ನಿನ್ನೆ 60ರಲ್ಲಿದ್ದದ್ದು ಇಂದು 95ಕ್ಕೆ ಜಿಗಿದರೆ ಅದಕ್ಕೆ ಹವೆ ಕಾರಣವಲ್ಲ.

ಮೊದಲು ನೋಡಬೇಕಾದದ್ದು ಪ್ರೊಸೆಸರ್ ಮತ್ತು ಅದರ ಮೇಲೆ ಕೂರುವ ಹೀಟ್‌ಸಿಂಕ್‌ನ ಸಂಪರ್ಕ. ಎರಡರ ಮೈಯೂ ಕಣ್ಣಿಗೆ ನುಣುಪಾಗಿ ಕಂಡರೂ ಸೂಕ್ಷ್ಮ ಉಬ್ಬುತಗ್ಗುಗಳಿರುತ್ತವೆ. ತಗ್ಗುಗಳಲ್ಲಿ ಗಾಳಿ ಉಳಿದರೆ ಶಾಖ ದಾಟದು. ತಾಮ್ರ ಸಾಗಿಸುವ ಶಾಖದ ಹತ್ತು ಸಾವಿರದಲ್ಲೊಂದು ಪಾಲನ್ನೂ ಗಾಳಿ ಸಾಗಿಸಲಾರದು. ಆ ತಗ್ಗು ತುಂಬಲೆಂದೇ ಥರ್ಮಲ್ ಪೇಸ್ಟ್ ಇರುವುದು. ಹೀಟ್‌ಸಿಂಕ್ ಒಮ್ಮೆ ಕಿತ್ತರೆ ಹಳೆಯ ಪದರ ಒಡೆಯುತ್ತದೆ. ಅದನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಬಟಾಣಿಕಾಳಿನಷ್ಟು ಹೊಸ ಪೇಸ್ಟ್ ಇಡಬೇಕು. ಹೊಸ ಕೂಲರ್‌ನ ತಳಕ್ಕಂಟಿದ ಪಾರದರ್ಶಕ ಹಾಳೆ ಕೀಳಲು ಮರೆಯುವುದು ಅನುಭವಿಗಳಿಂದಲೂ ಆಗುವ ತಪ್ಪು. ಇಂಟೆಲ್‌ನ ಹಲವು ಕೂಲರ್‌ಗಳ ನಾಲ್ಕು ಪ್ಲಾಸ್ಟಿಕ್ ಪಿನ್‌ಗಳಲ್ಲಿ ಒಂದು ಸರಿಯಾಗಿ ಕಚ್ಚದಿದ್ದರೂ ಕೂಲರ್ ವಾಲುತ್ತದೆ; ಮೂಲೆಯಿಂದ ಎದುರು ಮೂಲೆಗೆ ಒತ್ತುತ್ತ ಹೋಗುವುದು ಸರಿಯಾದ ಕ್ರಮ. 2021ರಲ್ಲಿ ಬಂದ ಇಂಟೆಲ್‌ನ ಎಲ್‌ಜಿಎ 1700 ಸಾಕೆಟ್‌ನಲ್ಲಿ ಕೂಲರ್ ಕೂರಿಸುವ ರಂಧ್ರಗಳ ನಡುವಿನ ಅಂತರ 75 ಮಿಲಿಮೀಟರ್‌ನಿಂದ 78ಕ್ಕೆ ಹೆಚ್ಚಿತು. ಹೀಗಾಗಿ ಹಳೆಯ ಕೂಲರನ್ನು ಹೊಸ ಮದರ್‌ಬೋರ್ಡಿಗೆ ಹೊಂದಿಸಲು ಬೇರೆ ಕಿಟ್ ಬೇಕು.

ಆಮೇಲೆ ಫ್ಯಾನ್. ಅದರ ತಂತಿ ಸಿಪಿಯು ಫ್ಯಾನ್ ಪಿನ್‌ಗಳಿಗೇ ಸೇರಿದೆಯೇ, ರೆಕ್ಕೆಗೆ ಯಾವುದಾದರೂ ಕೇಬಲ್ ತಡೆಯೊಡ್ಡಿದೆಯೇ ಎಂದು ನೋಡಬೇಕು.

ದೋಷ ಎಲ್ಲಿದೆಯೆಂದು ತಿಳಿಯುವ ದಾರಿ ಕಂಪ್ಯೂಟರ್ ಶುರುವಾಗುವಾಗ ತೆರೆಯಬಹುದಾದ ಬಯಾಸ್ ಪರದೆ. ಹೆಚ್ಚು ಭಾರವಿಲ್ಲದ ಅಲ್ಲಿಯೇ ಪ್ರೊಸೆಸರ್ ಬಿಸಿಯ ಅಂಕಿ 80 ದಾಟಿ ಏರುತ್ತಿದ್ದರೆ ಸಂಪರ್ಕವನ್ನೇ ಶಂಕಿಸಬೇಕು. ಆಟ ಆಡುವಾಗ, ವಿಡಿಯೊ ಸಂಪಾದಿಸುವಾಗ ಮಾತ್ರ ಏರಿದರೆ ಕ್ಯಾಬಿನೆಟ್‌ನ ಪಕ್ಕದ ಹಲಗೆ ತೆಗೆದು ನೋಡಬೇಕು. ಅಂಕಿ ಚೆನ್ನಾಗಿ ಇಳಿದರೆ ಕೊರತೆ ಗಾಳಿಯದು. ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿದಾಗ ಹೀಗಾಗುವುದು ಹೆಚ್ಚು, ಏಕೆಂದರೆ ಅದರ ಬಿಸಿಯೂ ಅದೇ ಡಬ್ಬಿಯೊಳಗೆ ಸುತ್ತುತ್ತದೆ. ಹಲಗೆ ತೆಗೆದರೂ ಅಂಕಿ ಇಳಿಯದಿದ್ದರೆ ಹೊಸ ಪ್ರೊಸೆಸರಿಗೆ ಹಳೆಯ ಕೂಲರ್ ಸಾಲದೆಂದು ತಿಳಿಯಬೇಕು. ಆದರೆ 2022ರಲ್ಲಿ ಬಂದ ರೈಜೆನ್ 7000 ಸಾಲಿನ ಹಲವು ಪ್ರೊಸೆಸರ್‌ಗಳು ಪೂರ್ಣ ಭಾರದಲ್ಲಿ 95 ಡಿಗ್ರಿವರೆಗೆ ಏರುವಂತೆಯೇ ವಿನ್ಯಾಸಗೊಂಡಿವೆ. ಅದು ಕೆಟ್ಟ ಲಕ್ಷಣವಲ್ಲ.

ದಿನದಿಂದ ದಿನಕ್ಕೆ ನಿಧಾನವಾಗಿ ಏರುವ ಬಿಸಿಯ ಕಥೆಯೇ ಬೇರೆ. ಅಡುಗೆಮನೆಗೆ ಅಂಟಿಕೊಂಡ ಕೋಣೆಯಲ್ಲಿ ಒಗ್ಗರಣೆಯ ಎಣ್ಣೆಹೊಗೆ, ಕಟ್ಟಡ ಕೆಲಸದ ಧೂಳು, ಮಳೆಗಾಲದ ತೇವ ಕೂಡಿ ಹೀಟ್‌ಸಿಂಕ್‌ನ ಸೀಳುಗಳಲ್ಲಿ ಕಂಬಳಿಯಂತೆ ಕೂರುತ್ತವೆ. ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ರೆಕ್ಕೆ ತಿರುಗದಂತೆ ಬೆರಳಿನಿಂದ ಹಿಡಿದು ಬ್ಲೋವರ್‌ನಿಂದ ಆ ಧೂಳನ್ನು ಊದಿ ತೆಗೆಯಬೇಕು. ಕ್ಯಾಬಿನೆಟ್ಟನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆದಿಡಬೇಕು.